ಪ್ಯಾಡ್ ಬದಲಿಸುವುದು ಹತ್ತು ನಿಮಿಷ, ಬ್ರೇಕ್ ಸರಿಮಾಡುವುದು ಅರ್ಧ ದಿನ

ಡಿಸ್ಕ್ ಬ್ರೇಕಿನ ಪ್ಯಾಡ್ (ಚಕ್ರದ ಜೊತೆ ತಿರುಗುವ ಲೋಹದ ತಟ್ಟೆಯನ್ನು, ಅಂದರೆ ಡಿಸ್ಕನ್ನು, ಎರಡು ಕಡೆಯಿಂದ ಒತ್ತುವ ತುಂಡು) ಬದಲಿಸುವವರು ಹೆಚ್ಚಾಗಿ ಎರಡು ಬೋಲ್ಟ್ ಬಿಚ್ಚಿ, ಹಳೆಯದನ್ನು ತೆಗೆದು, ಹೊಸದನ್ನು ಕೂರಿಸಿ ಕೈ ತೊಳೆದುಕೊಳ್ಳುತ್ತಾರೆ. ಅಷ್ಟಕ್ಕೇ ಕಾರು ನಿಲ್ಲುತ್ತದೆ, ಸುಳ್ಳಲ್ಲ. ಆದರೆ ಕೆಲವೇ ತಿಂಗಳಲ್ಲಿ ಒಂದು ಪ್ಯಾಡ್ ಪೂರ್ತಿ ಸವೆದು ಪಕ್ಕದ್ದು ಹಾಗೇ ಉಳಿದಿರುತ್ತದೆ, ಇಲ್ಲವೇ ಬ್ರೇಕ್ ಒತ್ತಿದಾಗ ಸ್ಟೀರಿಂಗ್ ನಡುಗುತ್ತದೆ, ಇಲ್ಲವೇ ಪೆಡಲ್ ಮೆತ್ತಗೆ ಒಳಕ್ಕೆ ಹೋಗುತ್ತದೆ. ಈ ಮೂರೂ ತೊಂದರೆಗಳ ಬೇರು ಸಾಮಾನ್ಯವಾಗಿ ಪ್ಯಾಡಿನಲ್ಲಿ ಇರುವುದಿಲ್ಲ. ಮೊದಲನೆಯದು ಕ್ಯಾಲಿಪರ್ (ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಭಾಗ) ಜಾರುವ ಸ್ಲೈಡ್ ಪಿನ್ನಿನದು, ಎರಡನೆಯದು ಡಿಸ್ಕ್ ಮತ್ತು ಚಕ್ರ ಕೂರುವ ಹಬ್ ಎಂಬ ನಡುಭಾಗದ ಮುಖದ್ದು, ಮೂರನೆಯದು ಬ್ರೇಕ್ ಫ್ಲೂಯಿಡಿನದು. ಮುಂದಿನ ಎರಡು ಚಕ್ರಗಳ ಬ್ರೇಕ್ ಕೆಲಸವನ್ನು ನಾನೇ ಮಾಡಿಕೊಳ್ಳುವಾಗ ನನ್ನ ಹೊತ್ತೆಲ್ಲ ಹೋಗುವುದು ಈ ಮೂರಕ್ಕೇ.

ಹೊಸ ಪ್ಯಾಡಿನಲ್ಲಿ ಉಜ್ಜುವ ಭಾಗ 10ರಿಂದ 12 ಮಿ.ಮೀ. ದಪ್ಪ ಇರುತ್ತದೆ. 3 ಮಿ.ಮೀ.ಗೆ ಇಳಿದಾಗ ನಾನು ಬದಲಿಸುತ್ತೇನೆ. ಹಿಂದಿನ ಉಕ್ಕಿನ ತಟ್ಟೆಯನ್ನು ಈ ಲೆಕ್ಕಕ್ಕೆ ಸೇರಿಸಬಾರದು. ಅಲಾಯ್ ಚಕ್ರದ ಸಂದಿನಲ್ಲಿ ಕಾಣುವುದು ಹೊರಗಿನ ಪ್ಯಾಡ್ ಮಾತ್ರ, ಹೆಚ್ಚು ಬೇಗ ಸವೆಯುವುದು ಒಳಗಿನದು. ಹಾಗಾಗಿ ಚಕ್ರ ಬಿಚ್ಚದೆ ತೀರ್ಮಾನಕ್ಕೆ ಬರುವುದಿಲ್ಲ. ಕೀಚ್ ಎಂದು ಸದ್ದು ಮಾಡುವ ಪುಟ್ಟ ಉಕ್ಕಿನ ನಾಲಿಗೆ ಅನೇಕ ಕಾರುಗಳಲ್ಲಿ ಒಳ ಪ್ಯಾಡಿಗಷ್ಟೇ ಇರುತ್ತದೆ. ಅದು ಕೂಗುವವರೆಗೆ ಕಾಯುವುದೂ ಬೇಡ. ಹೊರ ಪ್ಯಾಡೇ ಮೊದಲು ಸವೆದರೆ ಅದು ಕೂಗುವುದೇ ಇಲ್ಲ.

ಇನ್ನೊಂದು ಸೂಚನೆ ಬಾನೆಟ್ಟಿನ ಕೆಳಗಿದೆ. ಪ್ಯಾಡ್ ಸವೆದಷ್ಟೂ ಕ್ಯಾಲಿಪರಿನ ಪಿಸ್ಟನ್ ಹೊರಕ್ಕೆ ಬರುತ್ತದೆ, ಅದರ ಹಿಂದಿನ ಜಾಗವನ್ನು ಫ್ಲೂಯಿಡ್ ತುಂಬುತ್ತದೆ, ಫ್ಲೂಯಿಡಿನ ಡಬ್ಬಿಯಲ್ಲಿ ಮಟ್ಟ ಇಳಿಯುತ್ತದೆ. ಸೋರಿಕೆ ಇಲ್ಲದೆ ಮಟ್ಟ ಇಳಿದಿದೆ ಎಂದರೆ ಮೊದಲು ಪ್ಯಾಡ್ ನೋಡಬೇಕು. ನೋಡದೆ ಮೇಲಿಂದ ತುಂಬಿಸಿಟ್ಟರೆ, ಹೊಸ ಪ್ಯಾಡ್ ಹಾಕಲು ಪಿಸ್ಟನ್ ಹಿಂದಕ್ಕೆ ತಳ್ಳಿದಾಗ ಡಬ್ಬಿ ಉಕ್ಕಿ ಚೆಲ್ಲುತ್ತದೆ. ಈ ದ್ರವ ಬಿದ್ದಲ್ಲಿ ಪೇಂಟ್ ಮೆತ್ತಗಾಗಿ ಏಳುತ್ತದೆ. ಬಿದ್ದರೆ ಒರೆಸುತ್ತ ಕೂರದೆ ತಕ್ಷಣ ಧಾರಾಳವಾಗಿ ನೀರು ಹುಯ್ಯಬೇಕು. ನೀರಿನಲ್ಲಿ ಅದು ಕರಗಿ ಹೋಗುತ್ತದೆ.

ಕೆಲಸಕ್ಕೆ ಸಮತಟ್ಟಾದ ಗಟ್ಟಿ ನೆಲ ಬೇಕು. ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಗಳ ಎರಡೂ ಕಡೆ ಅಡ್ಡ ಕೊಟ್ಟು, ಚಕ್ರ ನೆಲದ ಮೇಲಿರುವಾಗಲೇ ನಟ್ಟುಗಳನ್ನು ಕಾಲು ಸುತ್ತು ಸಡಿಲಿಸುತ್ತೇನೆ. ಆಮೇಲೆ ಜ್ಯಾಕ್, ಅದರ ಬೆನ್ನಿಗೇ ಸ್ಟ್ಯಾಂಡ್. ಜ್ಯಾಕ್ ಇರುವುದು ಎತ್ತಲಿಕ್ಕೆ, ಹೊತ್ತು ನಿಲ್ಲಲಿಕ್ಕಲ್ಲ. ಸ್ಟ್ಯಾಂಡ್ ಇಲ್ಲದಿದ್ದರೆ ಆ ದಿನ ಈ ಕೆಲಸ ಬೇಡ. ಒಮ್ಮೆಗೆ ಒಂದೇ ಕಡೆ ಬಿಚ್ಚುತ್ತೇನೆ. ಯಾವ ಕ್ಲಿಪ್ ಎತ್ತ ಮುಖ ಮಾಡಿತ್ತು ಎಂಬ ಅನುಮಾನ ಬಂದರೆ ಆಚೆ ಬದಿಯದು ನೋಡಿಕೊಳ್ಳಲು ಇರುತ್ತದೆ. ಹೊಸ ಪ್ಯಾಡ್ ಮಾತ್ರ ಎಡ ಬಲ ಎರಡಕ್ಕೂ ಒಟ್ಟಿಗೇ ಹಾಕಬೇಕು. ಒಂದೇ ಕಡೆ ಹಾಕಿದರೆ ಬ್ರೇಕ್ ಒತ್ತಿದಾಗ ಕಾರು ಒಂದು ಪಕ್ಕಕ್ಕೆ ಎಳೆಯುತ್ತದೆ.

ಕ್ಯಾಲಿಪರಿನ ಕೆಳಗಿನ ಪಿನ್ ಬೋಲ್ಟ್ ಬಿಚ್ಚಿ ಮೇಲಕ್ಕೆ ಮಗುಚಿದರೆ ಪ್ಯಾಡ್ ಕೈಗೆ ಬರುತ್ತದೆ. ಪಿನ್ನುಗಳನ್ನು ಸ್ವಚ್ಛ ಮಾಡಬೇಕಾದ್ದರಿಂದ ನಾನು ಎರಡೂ ಬೋಲ್ಟ್ ಬಿಚ್ಚಿ ಕ್ಯಾಲಿಪರನ್ನು ತಂತಿಯಿಂದ ಸಸ್ಪೆನ್ಷನ್ ಸ್ಪ್ರಿಂಗಿಗೆ ನೇತುಹಾಕುತ್ತೇನೆ. ಅದರ ಭಾರ ರಬ್ಬರ್ ಹೋಸಿನ ಮೇಲೆ ಬೀಳಲೇಬಾರದು. ಹೋಸ್ ಹೊರಗೆ ಚೆನ್ನಾಗಿ ಕಂಡರೂ ಒಳಪದರ ಹರಿದರೆ, ಆ ಚೂರು ಒಂದು ಕಡೆಗೆ ಮಾತ್ರ ತೆರೆಯುವ ಬಾಗಿಲಿನಂತೆ ಕೆಲಸ ಮಾಡಿ, ಬ್ರೇಕ್ ಹಿಡಿಯುತ್ತದೆ, ಬಿಡುವುದಿಲ್ಲ.

ತೆಗೆದ ಹಳೆಯ ಪ್ಯಾಡುಗಳನ್ನು ಎಸೆಯುವ ಮೊದಲು ನಾಲ್ಕನ್ನೂ ಸಾಲಾಗಿ ಜೋಡಿಸಿ ಅಳೆಯುತ್ತೇನೆ. ಏನು ಕೆಟ್ಟಿದೆ ಎಂಬುದನ್ನು ಅವೇ ಹೇಳುತ್ತವೆ. ಒಂದೇ ಚಕ್ರದಲ್ಲಿ ಒಳ ಪ್ಯಾಡ್ 3, ಹೊರ ಪ್ಯಾಡ್ 7 ಮಿ.ಮೀ. ಇದ್ದರೆ ಕ್ಯಾಲಿಪರ್ ಜಾರುತ್ತಿಲ್ಲ, ಸ್ಲೈಡ್ ಪಿನ್ ಹಿಡಿದುಕೊಂಡಿದೆ. ಪಿಸ್ಟನ್ ಒಳ ಪ್ಯಾಡನ್ನು ನೇರವಾಗಿ ಒತ್ತುತ್ತದೆ. ಹೊರ ಪ್ಯಾಡನ್ನು ಎಳೆದು ಒತ್ತಬೇಕಾದದ್ದು ಜಾರುವ ಕ್ಯಾಲಿಪರ್, ಅದು ಜಾರದಿದ್ದರೆ ಕೆಲಸವೆಲ್ಲ ಒಳಗಿನದಕ್ಕೇ ಬೀಳುತ್ತದೆ. ಒಂದೇ ಪ್ಯಾಡ್ ಒಂದು ತುದಿಯಲ್ಲಿ ತೆಳ್ಳಗೆ, ಇನ್ನೊಂದು ತುದಿಯಲ್ಲಿ ದಪ್ಪಗೆ ಇದ್ದರೆ ಎರಡು ಪಿನ್ನುಗಳಲ್ಲಿ ಒಂದು ಹಿಡಿದಿದೆ, ಅಥವಾ ಪ್ಯಾಡಿನ ಕಿವಿ (ತುದಿಯ ಚಾಚು) ಅದನ್ನು ಹಿಡಿದಿರುವ ಬ್ರ್ಯಾಕೆಟ್ಟಿನಲ್ಲಿ ಸಿಕ್ಕಿಕೊಂಡಿದೆ. ಒಂದು ಚಕ್ರದ ಎರಡೂ ಪ್ಯಾಡ್ ಸವೆದು ಇನ್ನೊಂದು ಚಕ್ರದವು ದಪ್ಪಗಿದ್ದರೆ, ಸವೆದ ಕಡೆ ಪಿಸ್ಟನ್ ಹಿಂದಕ್ಕೆ ಬರುತ್ತಿಲ್ಲ ಅಥವಾ ಮೇಲೆ ಹೇಳಿದ ಹಾಗೆ ಹೋಸ್ ಕೆಟ್ಟಿದೆ. ಇದನ್ನು ಸರಿಪಡಿಸದೆ ಎಷ್ಟೇ ದುಬಾರಿ ಪ್ಯಾಡ್ ಹಾಕಿದರೂ ಅದೇ ಕಥೆ.

ಸ್ಲೈಡ್ ಪಿನ್ನುಗಳನ್ನು ಹೊರಗೆಳೆದು, ಹಳೆಯ ಗ್ರೀಸನ್ನು ಬಟ್ಟೆಯಿಂದ ಒರೆಸಿ, ಬ್ರೇಕ್ ಕ್ಲೀನರಿನಿಂದ ತೊಳೆಯುತ್ತೇನೆ. ಪಿನ್ ಮೇಲೆ ಗುಳಿ ಬಿದ್ದ ತುಕ್ಕು ಇದ್ದರೆ ಹೊಸ ಪಿನ್ನೇ ಹಾಕುವುದು. ಎಮರಿ ಪೇಪರಿನಿಂದ ತಿಕ್ಕಿದರೆ ಮೇಲಿನ ಲೇಪ ಹೋಗಿ ಮೊದಲಿಗಿಂತ ಬೇಗ ತುಕ್ಕು ಹಿಡಿಯುತ್ತದೆ. ಪಿನ್ ಕೂರುವ ತೂತಿನ ಒಳಗನ್ನೂ ಸಣ್ಣ ಬ್ರಷ್ಷಿನಿಂದ ಒಣಗುವವರೆಗೆ ಸ್ವಚ್ಛ ಮಾಡಬೇಕು. ಕೆಲವು ಕಾರುಗಳಲ್ಲಿ ಎರಡರಲ್ಲಿ ಒಂದು ಪಿನ್ನಿನ ತುದಿಗೆ ರಬ್ಬರ್ ಬುಷ್ ಇರುತ್ತದೆ. ಅದು ಮೇಲಿನದೋ ಕೆಳಗಿನದೋ ಎಂದು ಬಿಚ್ಚುವಾಗಲೇ ಗುರುತು ಹಾಕಿಕೊಳ್ಳಬೇಕು, ಅದಲುಬದಲಾದರೆ ಹೊಸ ತೊಂದರೆ ತಂದುಕೊಂಡಂತೆ.

ಗ್ರೀಸಿನಲ್ಲಿಯೇ ಹೆಚ್ಚು ಜನ ತಪ್ಪುವುದು. ಬೇರಿಂಗಿಗೆ ಹಾಕುವ ಪೆಟ್ರೋಲಿಯಂ ಗ್ರೀಸ್ ಇಲ್ಲಿ ಸಲ್ಲದು. ಬ್ರೇಕಿನ ರಬ್ಬರ್ ಭಾಗಗಳು ಹೆಚ್ಚಾಗಿ ಇಪಿಡಿಎಂ ಎಂಬ ಬಗೆಯವು, ಖನಿಜ ತೈಲ ತಾಗಿದರೆ ಉಬ್ಬುತ್ತವೆ. ಉಬ್ಬಿದ ಬುಷ್ ಪಿನ್ನನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಯಾವುದನ್ನು ತಪ್ಪಿಸಲು ಗ್ರೀಸ್ ಹಾಕಿದೆವೋ ಅದೇ ಆಗುತ್ತದೆ. ಬ್ರೇಕ್ ಪಿನ್ನಿಗೆಂದೇ ಸಿಗುವ ಸಿಲಿಕೋನ್ ಗ್ರೀಸ್ ಬೇಕು, ಅದೂ ತೆಳುವಾಗಿ. ಪಿನ್ನಿನ ತೂತು ಒಂದೇ ಕಡೆ ತೆರೆದಿರುವುದರಿಂದ ಹೆಚ್ಚು ತುಂಬಿದರೆ ತಳದಲ್ಲಿ ಗ್ರೀಸ್ ಮತ್ತು ಗಾಳಿ ಸಿಕ್ಕಿ ಪಿನ್ನನ್ನು ಹೊರಕ್ಕೆ ತಳ್ಳುತ್ತಿರುತ್ತದೆ. ಪಿನ್ ಕೂರಿಸಿ ಬೆರಳಿನಿಂದ ಒತ್ತಿ ನೋಡಿದಾಗ ಸಲೀಸಾಗಿ ಒಳಹೋಗಿ, ಬಿಟ್ಟಾಗ ಪುಟಿದು ಬಾರದಿದ್ದರೆ ಸರಿ. ಕೊನೆಗೆ ಪಿನ್ನನ್ನು ಮುಚ್ಚುವ ರಬ್ಬರ್ ಬೂಟಿನ ಅಂಚು ಪಿನ್ನಿನ ತೋಡಿನಲ್ಲಿ ಸುತ್ತಲೂ ಕೂತಿದೆಯೇ ನೋಡಬೇಕು. ಹರಿದ ಬೂಟಿನಲ್ಲಿ ನೀರು ಹೋಗಿ ಮುಂದಿನ ಮಳೆಗಾಲಕ್ಕೆ ಪಿನ್ ಮತ್ತೆ ಹಿಡಿಯುತ್ತದೆ.

ಬ್ರ್ಯಾಕೆಟ್ಟಿನ ಉಕ್ಕಿನ ಕ್ಲಿಪ್ಪುಗಳನ್ನು ಕಿತ್ತರೆ ಅವುಗಳ ಕೆಳಗೆ ತುಕ್ಕು ಉಬ್ಬಿಕೊಂಡಿರುವುದು ಕಾಣುತ್ತದೆ. ಆ ಉಬ್ಬೇ ಕ್ಲಿಪ್ಪನ್ನು ಎತ್ತಿ ಪ್ಯಾಡಿನ ಕಿವಿಯನ್ನು ಇಕ್ಕುಳದಂತೆ ಹಿಡಿಯುವುದು. ತಂತಿ ಬ್ರಷ್ ಮತ್ತು ಅರದಿಂದ ಬರಿಯ ಲೋಹ ಕಾಣುವವರೆಗೆ ತೆಗೆದು ಹೊಸ ಕ್ಲಿಪ್ ಹಾಕುತ್ತೇನೆ. ಪ್ಯಾಡ್ ಬೆರಳಿನ ಒತ್ತಡಕ್ಕೇ ಜಾರಬೇಕು, ಸುತ್ತಿಗೆ ಬೇಕೆನಿಸಿದರೆ ಎಲ್ಲೋ ತಪ್ಪಿದೆ. ಪ್ಯಾಡಿನ ಬೂದಿಯಂಥ ಧೂಳನ್ನು ಗಾಳಿ ಊದಿ ಹಾರಿಸಬಾರದು, ಶ್ವಾಸಕೋಶಕ್ಕೆ ಕೆಟ್ಟದ್ದು. ಕ್ಲೀನರಿನಿಂದ ತೋಯಿಸಿ ಒರೆಸಬೇಕು.

ಪಿಸ್ಟನ್ನನ್ನು ಹಿಂದಕ್ಕೆ ತಳ್ಳಲು ಹಳೆಯ ಪ್ಯಾಡನ್ನು ಅಡ್ಡವಿಟ್ಟು ಸಿ-ಕ್ಲ್ಯಾಂಪಿನಿಂದ ನಿಧಾನವಾಗಿ ತಿರುಗಿಸುತ್ತೇನೆ. ಡಿಸ್ಕ್ ಬ್ರೇಕಿನಲ್ಲಿ ಪಿಸ್ಟನ್ ಹಿಂದಕ್ಕೆ ಎಳೆಯುವ ಸ್ಪ್ರಿಂಗ್ ಇಲ್ಲ. ಅದರ ಸುತ್ತಲಿನ ಚೌಕ ಅಂಚಿನ ರಬ್ಬರ್ ಸೀಲ್ ಬ್ರೇಕ್ ಒತ್ತಿದಾಗ ಬಾಗಿ, ಬಿಟ್ಟಾಗ ನೆಟ್ಟಗಾಗುತ್ತ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ಎಳೆದುಕೊಳ್ಳುತ್ತದೆ, ಅಷ್ಟೆ. ಪಿಸ್ಟನ್ ಮೇಲೆ ತುಕ್ಕು ಬಂದರೆ ಸೀಲಿಗೆ ಆ ಬಲ ಸಾಲುವುದಿಲ್ಲ. ತಳ್ಳುವ ಮೊದಲು ಬ್ಲೀಡರಿಗೆ (ಕ್ಯಾಲಿಪರಿನಿಂದ ದ್ರವ ಹೊರಬಿಡುವ ಸಣ್ಣ ಸ್ಕ್ರೂ) ಟ್ಯೂಬ್ ಹಾಕಿ ತೆರೆದಿಟ್ಟರೆ ಕ್ಯಾಲಿಪರಿನಲ್ಲಿದ್ದ ಕೊಳೆ ದ್ರವ ಮೇಲಕ್ಕೆ, ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ಘಟಕ) ಕಡೆಗೆ ಹೋಗದೆ ಹೊರಗೇ ಬರುತ್ತದೆ. ತಳ್ಳಿ ಮುಗಿದೊಡನೆ, ಕ್ಲ್ಯಾಂಪ್ ತೆಗೆಯುವ ಮೊದಲೇ ಬ್ಲೀಡರ್ ಮುಚ್ಚಬೇಕು. ಹಿಂದಿನ ಚಕ್ರದಲ್ಲಿ ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್ ಇದ್ದರೆ ಈ ರೀತಿ ತಳ್ಳಬೇಡಿ. ಮೊದಲು ಅದನ್ನು ದುರಸ್ತಿಗೆಂದೇ ಇರುವ ಸರ್ವಿಸ್ ಮೋಡ್‌ಗೆ ತರದೆ ಒತ್ತಿದರೆ ಒಳಗಿನ ಮೋಟಾರಿನ ಸ್ಕ್ರೂ ಹಾಳಾಗುತ್ತದೆ.

ಇನ್ನು ಡಿಸ್ಕ್. ಕನಿಷ್ಠ ದಪ್ಪ ಎಷ್ಟೆಂದು ಅದರ ಮೇಲೇ ಕೊರೆದಿರುತ್ತದೆ. ಹೊಸತರಲ್ಲಿ 22 ಮಿ.ಮೀ. ಇದ್ದ ಡಿಸ್ಕಿಗೆ 20 ಎಂದು ಬರೆದಿರುವುದು ಸಾಮಾನ್ಯ. ಅಂಚಿನಿಂದ 10–15 ಮಿ.ಮೀ. ಒಳಗೆ, ಸುತ್ತಲೂ ಎಂಟು ಕಡೆ ಮೈಕ್ರೋಮೀಟರಿನಿಂದ ಅಳೆಯುತ್ತೇನೆ. ವರ್ನಿಯರ್ ಬಳಸಿದರೆ ಅದರ ದವಡೆ ಸವೆಯದೆ ಉಳಿದ ಅಂಚಿನ ಮೇಲೆ ಕೂತು ದಪ್ಪ ಹೆಚ್ಚು ತೋರಿಸುತ್ತದೆ. ಎಂಟು ಅಳತೆಗಳಲ್ಲಿ 0.02 ಮಿ.ಮೀ. ವ್ಯತ್ಯಾಸ ಬಂದರೂ ಪೆಡಲಿನಲ್ಲಿ ನಡುಕ ಗೊತ್ತಾಗತೊಡಗುತ್ತದೆ.

ನಡುಗಿದ ಕೂಡಲೇ ‘ಡಿಸ್ಕ್ ಬೆಂಡಾಗಿದೆ’ ಎನ್ನುವುದು ರೂಢಿ. ಬಿಸಿಗೆ ಡಿಸ್ಕ್ ಬಾಗುವುದು ಅಪರೂಪ. ನಡೆಯುವುದು ಬೇರೆ: ಹಬ್ಬಿನ ಮುಖದ ಮೇಲೆ ಒಂದು ತುಕ್ಕಿನ ಹಕ್ಕಳೆ ಉಳಿದು ಡಿಸ್ಕ್ ಸ್ವಲ್ಪ ವಾರೆಯಾಗಿ ಕೂರುತ್ತದೆ. ಹಬ್ಬಿನಲ್ಲಿ 0.05 ಮಿ.ಮೀ. ಇದ್ದ ಆ ವಾರೆ, ಹೊರ ಅಂಚಿನಲ್ಲಿ ಸುಮಾರು ಎರಡು ಪಟ್ಟಾಗುತ್ತದೆ. ಬ್ರೇಕ್ ಒತ್ತದೆ ಓಡುವಾಗಲೂ ಡಿಸ್ಕಿನ ಅದೇ ಜಾಗ ಪ್ರತಿ ಸುತ್ತಿಗೂ ಪ್ಯಾಡಿಗೆ ತಾಗಿ ತಾಗಿ ತೆಳ್ಳಗಾಗುತ್ತದೆ. ಹೊಸ ಡಿಸ್ಕ್ ಹಾಕಿದ ದಿನ ಎಲ್ಲ ಚೆನ್ನಾಗಿದ್ದು, ಕೆಲವು ಸಾವಿರ ಕಿಲೋಮೀಟರ್ ಆದ ಮೇಲೆ ನಡುಕ ಶುರುವಾಗುವುದು ಹೀಗೆ. ಆದ್ದರಿಂದ ಹಬ್ಬಿನ ಮುಖವನ್ನು, ಚಕ್ರದ ನಟ್ಟು ಕೂರುವ ಪ್ರತಿ ಸ್ಟಡ್ಡಿನ ಬುಡವನ್ನೂ ಬಿಡದೆ, ತಂತಿ ಬ್ರಷ್ಷಿನಿಂದ ಉಜ್ಜಿ, ಬೆರಳಾಡಿಸಿ ನೋಡಿ, ಆಮೇಲಷ್ಟೇ ಡಿಸ್ಕ್ ಇಡುತ್ತೇನೆ. ಹೊಸ ಡಿಸ್ಕಿಗೆ ತುಕ್ಕು ಹಿಡಿಯದಂತೆ ಎಣ್ಣೆ ಸವರಿರುತ್ತಾರೆ, ಎರಡೂ ಮುಖ ತೊಳೆಯದಿದ್ದರೆ ಅದನ್ನು ಪ್ಯಾಡ್ ಹೀರಿಕೊಳ್ಳುತ್ತದೆ.

ಜೋಡಿಸುವಾಗ ಬಿಗಿಯುವ ಬಲವನ್ನು ಅಳೆದು ತೋರಿಸುವ ಟಾರ್ಕ್ ರೆಂಚ್ ಬೇಕೇ ಬೇಕು. ಪಿನ್ ಬೋಲ್ಟಿಗೆ ಸುಮಾರು 25ರಿಂದ 35 ನ್ಯೂಟನ್ ಮೀಟರ್, ಬ್ರ್ಯಾಕೆಟ್ ಬೋಲ್ಟಿಗೆ 80ರಿಂದ 120, ಚಕ್ರದ ನಟ್ಟಿಗೆ 90ರಿಂದ 120 ಸಾಮಾನ್ಯ. ನಿಮ್ಮ ಕಾರಿನ ಖಚಿತ ಅಂಕಿ ಸರ್ವಿಸ್ ಕೈಪಿಡಿಯಲ್ಲಿರುತ್ತದೆ, ಅದನ್ನೇ ಹಿಡಿಯಿರಿ. ಪಿನ್ ಬೋಲ್ಟ್ ಚಿಕ್ಕದು, ಕೈ ಬಲದ ಅಂದಾಜಿಗೆ ಬಿಟ್ಟರೆ ಮುರಿಯುವುದು ಅದೇ. ಚಕ್ರದ ನಟ್ಟಿನ ಥ್ರೆಡ್ಡಿಗೆ ಎಣ್ಣೆ ಹಾಕಬಾರದು: ಅದೇ ಟಾರ್ಕಿಗೆ ಸ್ಟಡ್ ಬಹಳ ಹೆಚ್ಚು ಎಳೆದುಕೊಳ್ಳುತ್ತದೆ. ಬಿಗಿಯುವುದು ಎದುರುಬದುರಾಗಿ, ಎರಡು ಸುತ್ತಿನಲ್ಲಿ.

ಎಲ್ಲರೂ ಬ್ರೇಕ್ ಆಯಿಲ್ ಎನ್ನುತ್ತಾರೆ, ಅದು ಆಯಿಲ್ ಅಲ್ಲ. ಡಾಟ್ 3, ಡಾಟ್ 4, ಡಾಟ್ 5.1 ಎಂಬ ಮೂರು ದರ್ಜೆಗಳೂ ಗ್ಲೈಕಾಲ್ ಆಧಾರದವು, ಗಾಳಿಯ ತೇವವನ್ನು ಹೀರುವ ಗುಣದವು. ಡಾಟ್ 5 ಮಾತ್ರ ಸಿಲಿಕೋನ್, ಅದನ್ನು ಇವುಗಳ ಜೊತೆ ಬೆರೆಸಲೇಬಾರದು. ಡಾಟ್ 4 ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವುದಿಲ್ಲ. ಅದರಲ್ಲಿ 3.7 ಶೇಕಡಾ ನೀರು ಸೇರಿದಾಗ ಆ ಮಿತಿ 155ಕ್ಕೆ ಇಳಿಯುತ್ತದೆ. ಉದ್ದದ ಇಳಿಜಾರಿನಲ್ಲಿ ಬ್ರೇಕ್ ಹಿಡಿದೇ ಇಳಿದರೆ ಕ್ಯಾಲಿಪರಿನ ಬಳಿ ಆ ಬಿಸಿ ಬರಬಹುದು. ದ್ರವ ಕುದಿದರೆ ಆವಿಯ ಗುಳ್ಳೆ, ಗುಳ್ಳೆ ಇದ್ದರೆ ಪೆಡಲ್ ಒತ್ತಿದ ಬಲವೆಲ್ಲ ಅದನ್ನು ಹಿಂಡುವುದರಲ್ಲೇ ಮುಗಿಯುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿ ಎನ್ನುವುದು ಇದಕ್ಕಾಗಿಯೇ. ಬಣ್ಣ ನೋಡಿ ಹೇಳಲಾಗದು. ಮುಚ್ಚಳ ತೆರೆದು ಬಹಳ ದಿನವಾದ ಬಾಟಲಿಯದನ್ನೂ ನಾನು ಬಳಸುವುದಿಲ್ಲ.

ನಾಲ್ಕು ಚಕ್ರಕ್ಕೆ ಒಂದು ಲೀಟರ್ ಸಾಕಾಗುತ್ತದೆ. ಮೊದಲು ಸಿರಿಂಜಿನಿಂದ ಡಬ್ಬಿಯ ಹಳೆಯದನ್ನು ಹೀರಿ, ತಳ ಬರಿದಾಗುವ ಮೊದಲೇ ನಿಲ್ಲಿಸಿ ಹೊಸದು ತುಂಬುತ್ತೇನೆ. ಪೆಡಲ್ ಒತ್ತಿದಾಗ ದ್ರವವನ್ನು ತಳ್ಳುವ ಮಾಸ್ಟರ್ ಸಿಲಿಂಡರಿಗೆ ದೂರದ ಚಕ್ರದಿಂದ ಶುರು ಮಾಡುವುದು ಹಳೆಯ ಪದ್ಧತಿ, ಎಬಿಎಸ್ ಇರುವ ಕೆಲವು ಕಾರುಗಳಿಗೆ ಕ್ರಮ ಬೇರೆ, ಕೈಪಿಡಿ ನೋಡಬೇಕು. ಬ್ಲೀಡರಿಗೆ ಪಾರದರ್ಶಕ ಟ್ಯೂಬ್ ಸಿಕ್ಕಿಸಿ, ಅದರ ತುದಿ ಬಾಟಲಿಯಲ್ಲಿ ದ್ರವದೊಳಗೆ ಮುಳುಗಿರಬೇಕು. ಒಳಗೆ ಕೂತವರು ನಿಧಾನವಾಗಿ ಪೆಡಲ್ ತುಳಿದು ‘ಒತ್ತಿದೆ’ ಎಂದ ಮೇಲೆ ಬ್ಲೀಡರ್ ಅರ್ಧ ಸುತ್ತು ತೆರೆಯುವುದು. ಮುಚ್ಚಿ ‘ಬಿಡಿ’ ಎನ್ನುವವರೆಗೆ ಅವರು ಕಾಲು ಎತ್ತಬಾರದು. ಎತ್ತಿದರೆ ಗಾಳಿ ಒಳಗೆ. ಪೆಡಲಿನ ಕೆಳಗೆ ಒಂದು ಮರದ ತುಂಡು ಇಡುತ್ತೇನೆ. ಹಳೆಯ ಕಾರಿನಲ್ಲಿ ಮಾಸ್ಟರ್ ಸಿಲಿಂಡರಿನ ಕೊನೆಯ ಭಾಗವನ್ನು ಸೀಲ್ ಎಂದೂ ಮುಟ್ಟಿರುವುದಿಲ್ಲ, ಅಲ್ಲಿನ ಕೊಳೆಯ ಮೇಲೆ ಪೂರ್ತಿ ತುಳಿದರೆ ಸೀಲ್ ಗೀರಿಹೋಗುತ್ತದೆ. ಪ್ರತಿ ಐದಾರು ತುಳಿತಕ್ಕೊಮ್ಮೆ ಡಬ್ಬಿ ನೋಡಲೇಬೇಕು. ಅದು ಬರಿದಾಗಿ ಗಾಳಿ ಎಬಿಎಸ್ ಘಟಕಕ್ಕೆ ಹೋದರೆ ಅನೇಕ ಕಾರುಗಳಲ್ಲಿ ಸ್ಕ್ಯಾನರ್ ಹಾಕಿ ಒಳಗಿನ ಪಂಪ್ ಓಡಿಸದೆ ಹೊರಬರುವುದಿಲ್ಲ.

ಕಾರನ್ನು ಕದಲಿಸುವ ಮೊದಲು ಪೆಡಲ್ ಗಟ್ಟಿಯಾಗುವವರೆಗೆ ಹಲವು ಸಲ ತುಳಿಯಬೇಕು. ಪಿಸ್ಟನ್ ಹಿಂದೆ ಸರಿದಿರುವುದರಿಂದ ಮೊದಲ ತುಳಿತಕ್ಕೆ ಬ್ರೇಕ್ ಇರುವುದೇ ಇಲ್ಲ. ಆಮೇಲೆ ಖಾಲಿ ರಸ್ತೆಯಲ್ಲಿ 60 ಕಿ.ಮೀ. ವೇಗದಿಂದ 10ಕ್ಕೆ, ಮಧ್ಯಮ ಒತ್ತಡದಲ್ಲಿ, ಹತ್ತು ಸಲ ಇಳಿಸುತ್ತೇನೆ, ನಡುನಡುವೆ ಅರ್ಧ ನಿಮಿಷ ಓಡಿಸಿ ಗಾಳಿಯಾಡಲು ಬಿಟ್ಟು. ಡಿಸ್ಕಿನ ಮೇಲೆ ಪ್ಯಾಡಿನ ತೆಳುಪದರ ಸಮನಾಗಿ ಕೂರಲು ಇದು ಬೇಕು. ಬಿಸಿಯಿರುವಾಗ ಪೂರ್ತಿ ನಿಲ್ಲಿಸಿ ಬ್ರೇಕ್ ಹಿಡಿದುಕೊಂಡರೆ ಒಂದೇ ಜಾಗದಲ್ಲಿ ಪದರ ದಪ್ಪ ಅಂಟಿ ನಡುಕ ಹುಟ್ಟುತ್ತದೆ.

ಮರುದಿನ ಬ್ರೇಕ್ ಹೆಚ್ಚು ಬಳಸದೆ ಹತ್ತು ಹದಿನೈದು ಕಿಲೋಮೀಟರ್ ಓಡಿಸಿ, ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ಎಡ ಬಲ ಡಿಸ್ಕುಗಳನ್ನು ಒಂದೇ ಜಾಗದಲ್ಲಿ ನೋಡುತ್ತೇನೆ. ಹೊಳೆಯುವ ಲೋಹದ ಮೇಲೆ ಅದು ನಿಜಕ್ಕಿಂತ ಕಡಿಮೆ ತೋರಿಸುತ್ತದೆ, ಆದರೆ ಬೇಕಾದದ್ದು ಎರಡರ ಹೋಲಿಕೆ ಮಾತ್ರ. ಒಂದು ಎದ್ದು ಕಾಣುವಷ್ಟು ಬಿಸಿಯಿದ್ದರೆ ಆ ಕಡೆಯ ಪಿನ್ನುಗಳನ್ನು ಮತ್ತೆ ಬಿಚ್ಚುತ್ತೇನೆ. 100 ಕಿಲೋಮೀಟರ್ ಒಳಗೆ ಚಕ್ರದ ನಟ್ಟುಗಳಿಗೆ ಇನ್ನೊಮ್ಮೆ ಟಾರ್ಕ್ ರೆಂಚ್, ಡಬ್ಬಿಯ ಮಟ್ಟ ಇನ್ನೊಮ್ಮೆ, ಬ್ಲೀಡರ್ ಸುತ್ತ ತೇವ ಇದೆಯೇ ಎಂದು ಒಣ ಕಾಗದ ಒತ್ತಿ ಒಮ್ಮೆ.