ಬೆಕ್ಕು ನಡುಗಿದ ಸಂಜೆ ಔಷಧದ ಹೆಸರು ಹೇಳಿದೆ

ಹೋದ ವರ್ಷದ ಮಳೆಗಾಲ. ಬೆಳಗಾವಿಯ ಟಿಳಕವಾಡಿಯಲ್ಲಿ ಒಂದು ಹಳೇ ಹೆಂಚಿನ ಮನೆಗೆ ತಿಗಣೆ ಕಾಟ ಅಂತ ಬೆಳಿಗ್ಗೆ ಔಷಧ ಹೊಡೆದು ಬಂದಿದ್ದೆ. ಸಂಜೆ ಆ ಮನೆಯ ಹಿರಿಯರು ಫೋನ್ ಮಾಡಿದರು. ಅವರು ನಿವೃತ್ತ ಶಿಕ್ಷಕಿ.

“ತಮ್ಮಾ, ಮುಂಜಾನೆ ಯಾವ ಎಣ್ಣಿ ಹೊಡದಿ? ನಮ್ಮ ಬೆಕ್ಕು ಥರಥರ ನಡಗಾಕತ್ತೈತಿ. ಬಾಯಾಗಿಂದ ಜೊಲ್ಲು ಸುರಿಯಾಕತ್ತೈತಿ.”

ಒಂದು ಕ್ಷಣ ನನಗೆ ಬಾಯಿ ಕಟ್ಟಿತು. ಹೆಸರು ಹೇಳಿದರೆ ತಪ್ಪು ಒಪ್ಪಿಕೊಂಡ ಹಾಗೆ ಆಗುತ್ತಾ ಅಂತ ಹೆದರಿಕೆ. ನಮ್ಮ ಕಸುಬಿನಲ್ಲಿ ಕೆಲವರು ಇಂಥ ಹೊತ್ತಲ್ಲಿ “ಏನೂ ಆಗಂಗಿಲ್ರಿ, ಹರ್ಬಲ್ ಐತಿ” ಅಂದುಬಿಡುತ್ತಾರೆ. ನಾನು ಹೇಳಿದೆ: “ಡೆಲ್ಟಾಮೆಥ್ರಿನ್ ಅಕ್ಕಾರ. ಈಗಿಂದೀಗ ಡಾಕ್ಟರ್ ಕಡೆ ಹೊಂಡ್ರಿ, ನಾನೂ ಅಲ್ಲಿಗೇ ಬರ್ತೀನಿ.” ಡಬ್ಬಿಯ ಲೇಬಲ್, ಒಳಗಿನ ಮಾಹಿತಿ ಚೀಟಿ ಎರಡರದೂ ಫೋಟೋ ತೆಗೆದು ಪಶುವೈದ್ಯರಿಗೆ ವಾಟ್ಸಾಪ್ ಮಾಡಿದೆ. ಎಷ್ಟು ನೀರಿಗೆ ಎಷ್ಟು ಬೆರೆಸಿದ್ದೆ ಅಂತಲೂ ಬರೆದೆ.

ಈ ಹೆಸರಿಗೆ ಯಾಕಿಷ್ಟು ಬೆಲೆ ಅಂತ ಹೇಳಬೇಕು. ಡೆಲ್ಟಾಮೆಥ್ರಿನ್ ಪೈರೆಥ್ರಾಯ್ಡ್ ಅನ್ನೋ ಕೀಟನಾಶಕಗಳ ಗುಂಪಿನದು, ನರಗಳ ಮೇಲೆ ಕೆಲಸ ಮಾಡುತ್ತೆ. ಇದಕ್ಕೆ ಅಂತಲೇ ಒಂದು ಮಾರುಮದ್ದು ಇಲ್ಲ. ಮೈ ಚೆನ್ನಾಗಿ ತೊಳೆದು, ನಡುಕ ನಿಲ್ಲಿಸುವ ಔಷಧ ಕೊಟ್ಟು ಕಾಯಬೇಕು. ಇಂಥ ಔಷಧವನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಲಿವರ್‌ಗೆ ಕಡಿಮೆ. ನಾಯಿ ತಡೆದುಕೊಳ್ಳುವಷ್ಟನ್ನು ಬೆಕ್ಕು ತಡೆಯಲ್ಲ. ಅದೇ ಗೆದ್ದಲಿಗೆ ಹಾಕುವ ಕ್ಲೋರ್‌ಪೈರಿಫಾಸ್ ಆಗಿದ್ದರೆ ಮಾರುಮದ್ದಾಗಿ ಅಟ್ರೋಪಿನ್ ಬೇಕಿತ್ತು. ಇಲಿಗೆ ಇಡುವ ಬ್ರೊಮಾಡಿಯೊಲೋನ್ ಆಗಿದ್ದರೆ ವಿಟಮಿನ್ ಕೆ1. ಅದರಲ್ಲಂತೂ ರಕ್ತಸ್ರಾವ ಕಾಣಿಸಿಕೊಳ್ಳೋದೇ ಕೆಲವು ದಿನ ಕಳೆದ ಮೇಲೆ. ಹೆಸರು ಮುಚ್ಚಿಟ್ಟರೆ ಡಾಕ್ಟರ್ ಸುಮ್ನೆ ಊಹೆ ಮೇಲೆ ಹೋಗಬೇಕಾಗುತ್ತೆ, ಆ ಹೊತ್ತಲ್ಲಿ ಜೀವ ಹೋಗಬಹುದು.

ಬೆಕ್ಕು ಉಳಿಯಿತು. ಮೂರನೇ ದಿನ ಮೊಸರನ್ನ ತಿಂದಿತು ಅಂತ ಕೇಳಿದಾಗ ನನಗೂ ಊಟ ರುಚಿಸಿತು.

ಎರಡು ವಾರದ ಮೇಲೆ ವಕೀಲರ ನೋಟಿಸ್ ಬಂತು. ಔಷಧದ ಬಗ್ಗೆ ಎಚ್ಚರಿಕೆ ಕೊಟ್ಟಿಲ್ಲ, ಇದು ಸೇವೆಯಲ್ಲಿ ಕೊರತೆ ಅಂತ. ನೆಲ ಪೂರ್ತಿ ಒಣಗೋವರೆಗೆ, ಕನಿಷ್ಠ ನಾಲ್ಕು ತಾಸು ಬೆಕ್ಕನ್ನು ಒಳಗೆ ಬಿಡಬೇಡಿ ಅಂತ ಅವರ ಮಗನಿಗೆ ನಾನು ಹೇಳಿದ್ದೆ. ಅವನು ಆಫೀಸಿಗೆ ಹೊರಡುವ ಗಡಿಬಿಡಿಯಲ್ಲಿದ್ದ. ಹೂಂ ಅಂದ, ತಾಯಿಗೆ ಹೇಳಲಿಲ್ಲ. “ನನಗ ಯಾರೂ ಹೇಳಿಲ್ಲ” ಅಂತ ಅಕ್ಕಾರು ಅಂದದ್ದು ನಿಜ. ನಾನು ಹೇಳಿದ್ದೂ ನಿಜ. ಆದರೆ ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ.

ಪರಿಚಯದ ವಕೀಲರ ಹತ್ತಿರ ಹೋದೆ. ಅವರು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ತೆಗೆದು ತೋರಿಸಿದರು. ಅದರ 85ನೇ ಕಲಂ ಪ್ರಕಾರ, ಹಾನಿ ತಪ್ಪಿಸೋಕೆ ಬೇಕಾದಷ್ಟು ಸೂಚನೆ, ಎಚ್ಚರಿಕೆ ಕೊಡದಿದ್ದರೂ ಸೇವೆ ಕೊಟ್ಟವನು ಹೊಣೆ. ಕಾನೂನಿನ ಕಣ್ಣಿಗೆ ಬೆಕ್ಕು ಒಂದು ಸ್ವತ್ತು. ಓದಿದಾಗ ನನಗೆ ಕಸಿವಿಸಿಯಾಯಿತು. ಆದರೂ ಸ್ವತ್ತಿಗಾದ ಹಾನಿಯ ಜೊತೆ ಮನಸ್ಸಿಗಾದ ನೋವನ್ನೂ ಅದೇ ಕಾಯ್ದೆ ಲೆಕ್ಕಕ್ಕೆ ತಗೊಳ್ಳುತ್ತೆ. ದೂರು ಕೊಡೋಕೆ ಎರಡು ವರ್ಷ ಟೈಮ್ ಇದೆ. ಸೇವೆಗೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ, ಗ್ರಾಹಕರು ತಾವಿರುವ ಜಿಲ್ಲೆಯಲ್ಲೇ ಕೊಡಬಹುದು. ‘ಒಂದು ಬೆಕ್ಕಿಗಾಗಿ ಯಾರು ಕೋರ್ಟಿಗೆ ಹೋಗ್ತಾರೆ’ ಅಂತ ನಮ್ಮವರು ಅಂದುಕೊಂಡಿರೋದು ತಪ್ಪು.

ಮಗ ಸಿಟ್ಟಲ್ಲಿ ಪೊಲೀಸ್ ಕೇಸ್ ಅಂತಲೂ ಹೇಳಿದ್ದ. ಪ್ರಾಣಿಯನ್ನು ಕೊಂದರೆ, ವಿಷ ಹಾಕಿದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂನಲ್ಲಿ ಐದು ವರ್ಷದವರೆಗೆ ಶಿಕ್ಷೆ ಇದೆ. ಆದರೆ ಅದಕ್ಕೆ ಬೇಕಂತಲೇ ಅಥವಾ ಹಾನಿ ಆಗುತ್ತೆ ಅಂತ ಗೊತ್ತಿದ್ದೇ ಮಾಡಿರಬೇಕು ಅಂತ ವಕೀಲರು ವಿವರಿಸಿದರು.

ಔಷಧದಿಂದಲೇ ಆಯಿತು ಅಂತ ಖಡಾಖಂಡಿತ ಹೇಳೋದೂ ಸುಲಭ ಇರಲಿಲ್ಲ. ಡಾಕ್ಟರ್ ಚೀಟಿಯಲ್ಲಿ ‘ಶಂಕೆ’ ಅಂತಷ್ಟೇ ಇತ್ತು. ಬೆಕ್ಕು ಸತ್ತಿದ್ದರೆ ಮರಣೋತ್ತರ ಪರೀಕ್ಷೆ ಮಾಡಿಸಿ, ಹೊಟ್ಟೆಯೊಳಗಿನದು, ಲಿವರ್, ಕಿಡ್ನಿಯ ಮಾದರಿ ಲ್ಯಾಬಿಗೆ ಕಳಿಸಬೇಕಿತ್ತು. ವಿಷದ ಪರೀಕ್ಷೆಗೆ ಅದನ್ನು ಗಟ್ಟಿ ಉಪ್ಪುನೀರಿನಲ್ಲಿ ಇಡುತ್ತಾರೆ, ಫಾರ್ಮಾಲಿನ್‌ನಲ್ಲಿ ಅಲ್ಲ. ಅವಸರದಲ್ಲಿ ಹೂತುಬಿಟ್ಟರೆ ಇಬ್ಬರಿಗೂ ಸಾಕ್ಷಿ ಹೋಯಿತು.

ನಾನು ವಾದಕ್ಕೆ ನಿಲ್ಲಲಿಲ್ಲ. ಗಡುವಿನೊಳಗೆ ನೋಟಿಸ್‌ಗೆ ಉತ್ತರ ಕೊಟ್ಟೆ. ಆಮೇಲೆ ಅಕ್ಕಾರ ಮನೆಯಲ್ಲೇ ಕೂತು ಮಾತಾಡಿದೆವು. ಆಸ್ಪತ್ರೆ ಖರ್ಚು 6,400 ರೂಪಾಯಿ ಪೂರ್ತಿ ಕೊಟ್ಟೆ, ನನ್ನ ಕೂಲಿ ವಾಪಸ್ ಮಾಡಿದೆ. ಇಬ್ಬರೂ ಸಹಿ ಹಾಕಿ ಬರಹದಲ್ಲಿ ಮುಗಿಸಿದೆವು.

ಅಂದಿನಿಂದ ನನ್ನ ಬ್ಯಾಗಿನಲ್ಲಿ ಕನ್ನಡ, ಮರಾಠಿ ಎರಡರಲ್ಲೂ ಅಚ್ಚಾದ ಒಂದು ಹಾಳೆ ಇರುತ್ತೆ. ನಮ್ಮ ಊರಲ್ಲಿ ಒಂದೇ ಭಾಷೆಯಲ್ಲಿದ್ದರೆ ಸಾಲದು, ಅಲ್ವಾ. ಮನೆಯಲ್ಲಿ ಬೆಕ್ಕು, ನಾಯಿ, ಹಕ್ಕಿ, ಮೀನು ಏನಿದೆ, ಯಾವ ಔಷಧ, ಬ್ಯಾಚ್ ನಂಬರ್, ಎಷ್ಟು ಗಂಟೆಗೆ ಒಳಗೆ ಬರಬಹುದು ಎಲ್ಲ ಕೈಯಲ್ಲಿ ಬರೆದು, ಪ್ರಾಣಿಯನ್ನು ನೋಡಿಕೊಳ್ಳುವವರ ಸಹಿ ತಗೋತೀನಿ. ಬಾಗಿಲು ತೆಗೆದವರ ಸಹಿ ಅಲ್ಲ. ಮೀನಿನ ತೊಟ್ಟಿ ಇದ್ದರೆ ಏರ್ ಪಂಪ್ ಬಂದ್ ಮಾಡಿಸಿ ಬಿಗಿಯಾಗಿ ಮುಚ್ಚಿಸುತ್ತೇನೆ. ಪೈರೆಥ್ರಾಯ್ಡ್ ಮೀನಿಗೆ ಬಹಳ ಕೆಟ್ಟದ್ದು, ಪಂಪ್ ಓಡುತ್ತಿದ್ದರೆ ಗಾಳಿಯ ಜೊತೆ ನೀರಿಗೆ ಎಳೆದುಕೊಳ್ಳುತ್ತೆ. ಡಬ್ಬಿಯ ಮೇಲೆ ಹಸಿರು ತ್ರಿಕೋನ ಇದೆಯಲ್ಲ ಅಂತ ಕೆಲವರು ಧೈರ್ಯ ಮಾಡುತ್ತಾರೆ. ಹಸಿರು ಅಂದರೆ ವಿಷ ಕಡಿಮೆ ಅಂತ ಅಷ್ಟೇ. ವಿಷ ಇಲ್ಲ ಅಂತಲ್ಲ.

ಹೋದ ತಿಂಗಳು ವಡಗಾವಿಯ ಒಂದು ಮನೆಯಲ್ಲಿ ಜಿರಲೆಗೆ ಸ್ಪ್ರೇನೇ ಬೇಕು ಅಂದರು. ಬೆಕ್ಕು ಆಗಷ್ಟೇ ಅಡುಗೆಮನೆಯ ಮೂಲೆಯಲ್ಲಿ ಮರಿ ಹಾಕಿತ್ತು, ಮರಿಗಳನ್ನು ಬೇರೆ ಕಡೆ ಸಾಗಿಸೋ ಹಾಗಿರಲಿಲ್ಲ. ಸ್ಪ್ರೇ ಹೊಡೆಯಲ್ಲ ಅಂದೆ. ಕಪಾಟಿನ ಸಂದಿ, ಸಿಂಕಿನ ಕೆಳಗೆ, ಬೆಕ್ಕಿನ ನಾಲಿಗೆ ಮುಟ್ಟದ ಕಡೆ ಜೆಲ್ ಚುಕ್ಕೆ ಹಾಕಿ, ಹಾಳೆಗೆ ಮನೆಯ ಅಜ್ಜಿಯ ಸಹಿ ತಗೊಂಡು ಬಂದೆ.