ಇಡೀ ಪೆಟ್ಟಿಗೆಯನ್ನೇ ಕೊಳ್ಳುವುದು: ಹಳೆಯ ಕಸೂತಿ, ಹೆಣಿಗೆ ಸಾಮಾನಿನಲ್ಲಿ ನನ್ನ ಅನುಭವ

ಬಳಸಿದ ಕರಕುಶಲ ಸಾಮಾನು ಕೊಳ್ಳುವವರು ಸಾಮಾನ್ಯವಾಗಿ ತಮಗೆ ಬೇಕಾದ ನಾಲ್ಕು ವಸ್ತುಗಳನ್ನು ಆರಿಸಿ, ಅವುಗಳ ಮೇಲಷ್ಟೇ ಚೌಕಾಸಿ ಮಾಡುತ್ತಾರೆ. ನಾನೂ ಸುಮಾರು 3 ವರ್ಷ ಹಾಗೆಯೇ ಮಾಡಿದೆ. ಹೊಸ ಸಾಮಾನಿನ ಬೆಲೆಯಲ್ಲಿ ಕಾಲು ಭಾಗವೂ ಉಳಿಯಲಿಲ್ಲ. ಹವ್ಯಾಸ ಬಿಟ್ಟವರ ಪೆಟ್ಟಿಗೆಯನ್ನು ಇಡಿಯಾಗಿ ಕೊಂಡು, ಬೇಡವಾದದ್ದನ್ನು ವಿಂಗಡಿಸಿ ಮಾರುತ್ತೇನೆ ಎಂದಾಗ, ಮನೆಯಲ್ಲಿ ಕಸ ತುಂಬಿಕೊಳ್ಳುತ್ತೀ ಎಂದು ಗೆಳತಿಯರೆಲ್ಲ ಬೇಡವೆಂದರು. ಈವರೆಗೆ ಕೊಂಡ ಇಪ್ಪತ್ತು ಚಿಲ್ಲರೆ ಪೆಟ್ಟಿಗೆಗಳಲ್ಲಿ 13–14 ಪೆಟ್ಟಿಗೆಗಳು ಹಾಕಿದ ಹಣವನ್ನು ಪೂರ್ತಿ ಹಿಂದಿರುಗಿಸಿವೆ. ಅವುಗಳಿಂದ ನಾನು ಉಳಿಸಿಕೊಂಡ ದಾರ, ಉಣ್ಣೆಗೆ ಲೆಕ್ಕದಲ್ಲಿ ಖರ್ಚೇ ಬಿದ್ದಿಲ್ಲ.

ಮೊದಲ ಪೆಟ್ಟಿಗೆಗಳು ಮಾತ್ರ ಗೆಳತಿಯರ ಮಾತನ್ನೇ ನಿಜ ಮಾಡಿದವು. ಒಂದರಲ್ಲಿ ನಲವತ್ತರಷ್ಟು ಅಕ್ರಿಲಿಕ್ ಬಣ್ಣದ ಟ್ಯೂಬುಗಳಿದ್ದವು, ಮುಕ್ಕಾಲು ಪಾಲು ಒಳಗೇ ರಬ್ಬರಿನಂತೆ ಗಟ್ಟಿಯಾಗಿದ್ದವು. ಅಕ್ರಿಲಿಕ್ ಒಮ್ಮೆ ಒಣಗಿದರೆ ನೀರಿಗೆ ಕರಗುವುದಿಲ್ಲವಾದ್ದರಿಂದ ಅಷ್ಟೂ ನಷ್ಟ. ಈಗ ಒಂದೊಂದು ಟ್ಯೂಬನ್ನೂ ಅಮುಕಿ ನೋಡದೆ ಬೆಲೆ ಮಾತಾಡುವುದಿಲ್ಲ. ಅದೇ ಪೆಟ್ಟಿಗೆಯ ತಳದಲ್ಲಿ ಬಿರುಕು ಬಿಟ್ಟಿದ್ದ ಜಲವರ್ಣದ ಬಿಲ್ಲೆಗಳ ಮೇಲೆ ಎರಡು ಹನಿ ನೀರು ಬಿಟ್ಟು ರಾತ್ರಿ ಇಟ್ಟೆ. ಬೆಳಿಗ್ಗೆ ಕುಂಚಕ್ಕೆ ಹೊಸ ಬಣ್ಣದಂತೆಯೇ ಹತ್ತಿದವು. ಅವುಗಳಲ್ಲಿರುವ ಅಂಟು ನೀರಿಗೆ ಮತ್ತೆ ಕರಗುತ್ತದೆ.

ಇನ್ನೂ ದೊಡ್ಡ ಪೆಟ್ಟು ಉಣ್ಣೆಯಿಂದ ಬಂತು. ತಂದ ಉಂಡೆಗಳನ್ನು ನನ್ನ ಸಂಗ್ರಹದ ಪಕ್ಕದಲ್ಲೇ ಇಟ್ಟೆ. ಕೆಲವು ವಾರಗಳ ಮೇಲೆ ಹೆಣೆಯಲು ಕುಳಿತರೆ ಗೇಣಿಗೊಂದು ಕಡೆ ಎಳೆ ತುಂಡಾಗುತ್ತಿತ್ತು. ಉಂಡೆಯ ಸಂದಿನಲ್ಲಿ ಹುಳುವಿನ ಬಿಳಿ ನೂಲಿನ ಗೂಡುಗಳಿದ್ದವು. ನನ್ನದೇ ಉಣ್ಣೆ 2 ಕಿಲೋದಷ್ಟು ಹಾಳಾಯಿತು, ಅದರ ಬೆಲೆ ಆ ಪೆಟ್ಟಿಗೆಯ ಮೂರರಷ್ಟಿತ್ತು. ಈಗ ಮನೆಗೆ ಬರುವ ಉಣ್ಣೆಯನ್ನು ಗಾಳಿಯಾಡದ ಚೀಲದಲ್ಲಿ ಕಟ್ಟಿ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡುತ್ತೇನೆ. ಹೊರತೆಗೆದ ಮೇಲೂ ಚೀಲದ ತಣುಪು ಪೂರ್ತಿ ಹೋಗುವವರೆಗೆ ಬಾಯಿ ಬಿಚ್ಚುವುದಿಲ್ಲ, ಇಲ್ಲವಾದರೆ ಉಣ್ಣೆಯ ಮೇಲೆಯೇ ನೀರಿಳಿಯುತ್ತದೆ.

ಹೆಚ್ಚು ಲಾಭ ಕೊಟ್ಟದ್ದು ಕಸೂತಿ ದಾರ. ಫ್ರಾನ್ಸಿನ ದಾರದ ಕಂಪನಿ ಡಿಎಂಸಿಯ ಒಂದು ಲಡಿ ಎಂದರೆ ಆರೆಳೆಯ 8 ಮೀಟರು. ಬಣ್ಣದ ಸಂಖ್ಯೆ ಇರುವ ಕಾಗದದ ಪಟ್ಟಿ ಹರಿಯದೆ ಉಳಿದಿದ್ದರೆ, ಅದರಲ್ಲೂ 310ರ ಕಪ್ಪು ಇದ್ದರೆ, ಮಾರಲು ಇಟ್ಟ ದಿನವೇ ಹೋಗುತ್ತದೆ, ಪಟ್ಟಿ ಕಳೆದಿದ್ದರೆ ಅರ್ಧ ಬೆಲೆಗೂ ಕೇಳುವವರಿಲ್ಲ. ಕೊಳ್ಳುವ ಮೊದಲು ಪಟ್ಟಿಯನ್ನು ಕೂದಲೆಳೆಯಷ್ಟು ಸರಿಸಿ ನೋಡುತ್ತೇನೆ: ಅಡಿಯ ಬಣ್ಣ ಗಾಢವಾಗಿದ್ದರೆ ಉಳಿದ ಲಡಿ ಬಿಸಿಲಿಗೆ ಮಾಸಿದೆ ಎಂದೇ ಅರ್ಥ. ಆಮೇಲೆ ಒಂದೆಳೆಯನ್ನು ಎರಡು ಬೆರಳುಗಳ ನಡುವೆ ಜಗ್ಗುತ್ತೇನೆ. ಗಟ್ಟಿ ದಾರ ಬೆರಳನ್ನು ಕೊಯ್ದಂತೆ ಮಾಡಿ ಟಪ್ಪೆಂದು ತುಂಡಾಗುತ್ತದೆ, ಸತ್ತ ದಾರ ಸದ್ದಿಲ್ಲದೆ ಕಳಚಿಕೊಳ್ಳುತ್ತದೆ.

ಪೆಟ್ಟಿಗೆಗಳ ಜೊತೆ ಬಂದ ಹಳೆಯ ಸ್ವೆಟರುಗಳನ್ನು ಬಿಚ್ಚಿಯೂ ನೋಡಿದೆ. ಒಳಗಿನ ಜೋಡಣೆಯ ಅಂಚು ಓವರ್‌ಲಾಕ್ ಆಗಿದ್ದರೆ, ಅಂದರೆ ಯಂತ್ರದಲ್ಲಿ ಕತ್ತರಿಸಿ ಸುತ್ತಿ ಹೊಲಿದಿದ್ದರೆ, ಕೈಗೆ ಬರುವುದು ಬರೀ ತುಂಡುಗಳು. ಅಂಚು ಕತ್ತರಿಸದೆ ಜೋಡಿಸಿದ್ದರೆ ದೊಡ್ಡವರ ಸ್ವೆಟರೊಂದರಿಂದ ಅಂದಾಜು 300–400 ಗ್ರಾಂ ಸಿಗುತ್ತದೆ. ಎಳೆಯ ತುದಿ ಸುಟ್ಟಾಗ ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾದರೆ ಉಣ್ಣೆ, ಕರಗಿ ಗಟ್ಟಿ ಗುಂಡಾದರೆ ಅಕ್ರಿಲಿಕ್ ಎಂದು ತಿಳಿದು ಬೇರೆ ಬೇರೆ ಇಡುತ್ತೇನೆ.

ಮಾರುವವರ ವಿವರಣೆಯಲ್ಲಿ ಯಾವ ಪದ ಕಂಡರೆ ಒಳಗೆ ಒಳ್ಳೆಯ ಸಾಮಾನಿರುತ್ತದೆ ಎಂಬುದನ್ನು ಇಲ್ಲಿ ಬರೆಯಲಾರೆ. ಅದನ್ನು ಕಂಡುಕೊಳ್ಳಲು ನನಗೆ ಒಂದು ವರ್ಷವೇ ಹಿಡಿಯಿತು. ಹೋದ ತಿಂಗಳು ತಂದ ಪೆಟ್ಟಿಗೆಗೆ, ಮೊದಲು ಬೇಡವೆಂದಿದ್ದ ಗೆಳತಿಯೊಬ್ಬಳೇ ಅರ್ಧ ಹಣ ಹಾಕಿದಳು. ಗಾಜಿನ ಮಣಿಗಳೆಲ್ಲ ಅವಳಿಗೆ, ದಾರ ನನಗೆ. ಉಳಿದ ಗುಂಡಿ, ಲೇಸುಗಳನ್ನು ಇಬ್ಬರೂ ಕುಳಿತು ವಿಂಗಡಿಸುತ್ತಿದ್ದೇವೆ.