ಜಂಟಿ ಪೀರಿಯಡ್: ನನ್ನ ಅನುಭವ

ಮುಖ್ಯ ಶಿಕ್ಷಕನಾದ ಮೊದಲ ವರ್ಷ ನಾನು ವಾರಕ್ಕೊಂದು ಸಿಬ್ಬಂದಿ ಸಭೆ ಕರೆಯುತ್ತಿದ್ದೆ. ಬೋಧನೆಯ ಅನುಭವವನ್ನು ಪರಸ್ಪರ ಹಂಚಿಕೊಳ್ಳಬೇಕೆಂದು ಪ್ರತಿ ಸಭೆಯಲ್ಲೂ ಹೇಳುತ್ತಿದ್ದೆ, ಎಲ್ಲರೂ ತಲೆಯಾಡಿಸುತ್ತಿದ್ದರು, ಸಭೆ ಮುಗಿದೊಡನೆ ತಮ್ಮ ತಮ್ಮ ತರಗತಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ನಿಜವಾಗಿ ಹಂಚಿಕೆಯಾಗುತ್ತಿದ್ದದ್ದು ಪರೀಕ್ಷಾ ಮೇಲ್ವಿಚಾರಣೆಯ ಪಾಳಿ ಮತ್ತು ವಾರ್ಷಿಕೋತ್ಸವದ ಕೆಲಸ ಮಾತ್ರ. ಇದು ಶಿಕ್ಷಕರ ಸ್ವಭಾವದ ದೋಷವೆಂದು ನಾನು ಬಹಳ ದಿನ ನಂಬಿದ್ದೆ.

ಒಂದು ಸಂಜೆ ವೇಳಾಪಟ್ಟಿಯನ್ನು ಎದುರಿಗಿಟ್ಟುಕೊಂಡು, ಒಂದೇ ವಿಷಯ ಕಲಿಸುವವರು ವಾರದಲ್ಲಿ ಎಷ್ಟು ಸಲ ಒಟ್ಟಿಗೆ ಬಿಡುವಾಗಿರುತ್ತಾರೆ ಎಂದು ಗುರುತು ಹಾಕಿ ನೋಡಿದೆ. ಗಣಿತದ ಮೂವರಿಗೆ ಅಂಥ ಒಂದು ಪೀರಿಯಡ್ ಕೂಡ ಇರಲಿಲ್ಲ. ಆ ವೇಳಾಪಟ್ಟಿಯನ್ನು ಸಿದ್ಧಪಡಿಸಿದವನು ನಾನೇ. ಮುಂದಿನ ಅವಧಿಗೆ ಜಂಟಿ ಪೀರಿಯಡ್‌ಗಳನ್ನು ಮೊದಲು ಬರೆದು, ಉಳಿದದ್ದನ್ನೆಲ್ಲ ಅವುಗಳ ಸುತ್ತ ಹೊಂದಿಸಿದೆ. ಆದರೆ ಯಾರಾದರೂ ರಜೆ ಹಾಕಿದ ದಿನ, ಬದಲಿ ತರಗತಿಗೆ ಕಣ್ಣಿಗೆ ಬೀಳುವವರು ಹೀಗೆ ಒಟ್ಟಿಗೆ ಕುಳಿತವರೇ. ಎರಡು ಬಾರಿ ಅವರಲ್ಲೊಬ್ಬರನ್ನು ಎಬ್ಬಿಸಿ ಕಳಿಸಿದೆ. ಮೂರನೆಯ ವಾರ ಮೂವರೂ ತಿದ್ದಬೇಕಾದ ನೋಟ್ ಪುಸ್ತಕಗಳ ಕಟ್ಟು ಹಿಡಿದುಕೊಂಡೇ ಬಂದಿದ್ದರು; ಈ ಹೊತ್ತು ತಮ್ಮದಲ್ಲವೆಂದು ಅವರಿಗೆ ಅರ್ಥವಾಗಿತ್ತು. ಅಂದಿನಿಂದ ಆ ಪೀರಿಯಡ್‌ನ ಬದಲಿ ತರಗತಿಗಳಿಗೆ ನಾನೇ ಹೋಗತೊಡಗಿದೆ.

ಹೊತ್ತು ಸಿಕ್ಕಿದ ಮಾತ್ರಕ್ಕೆ ಪಾಠದ ಮಾತು ಹುಟ್ಟಲಿಲ್ಲ. ಸುಮ್ಮನೆ ಚರ್ಚಿಸಿ ಎಂದರೆ ಮಾತು ಮಕ್ಕಳ ಮೇಲಿನ ದೂರಿಗೆ, ಅಲ್ಲಿಂದ ಪೋಷಕರ ಮೇಲಿನ ದೂರಿಗೆ ಹೋಗುತ್ತದೆ. ಹಾಗಾಗಿ ಪ್ರತಿಯೊಬ್ಬರೂ ಒಂದೇ ಪ್ರಶ್ನೆಗೆ ತಪ್ಪು ಉತ್ತರ ಬಂದಿರುವ ಐದು ಪತ್ರಿಕೆಗಳನ್ನು, ಮಕ್ಕಳ ಹೆಸರು ಮುಚ್ಚಿ, ತರಬೇಕೆಂದು ಕೇಳಿಕೊಂಡೆ.

ಹಾಗೆ ತಂದವುಗಳಲ್ಲಿ ಒಂದು ಪ್ರಶ್ನೆ ನನಗೆ ಚೆನ್ನಾಗಿ ನೆನಪಿದೆ: 0.6 ಮತ್ತು 0.45ರಲ್ಲಿ ಯಾವುದು ದೊಡ್ಡದು? ಆರನೆಯ ಮತ್ತು ಏಳನೆಯ ತರಗತಿಯ ಪತ್ರಿಕೆಗಳೆಲ್ಲದರಲ್ಲೂ 0.45 ಎಂದೇ ಇತ್ತು. ಅಜಾಗರೂಕತೆ ಎಂದರು ಒಬ್ಬರು. ಐದನೆಯ ತರಗತಿಗೆ ಕಲಿಸುವವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನು ದಶಾಂಶವನ್ನು ಹಣದ ಲೆಕ್ಕದಿಂದಲೇ ಶುರು ಮಾಡುತ್ತೇನೆ, ಬಿಂದುವಿನ ಮುಂದಿನದನ್ನು ನಲವತ್ತೈದು ಎಂದೇ ಓದಿಸುತ್ತೇನೆ" ಎಂದರು. ಹಣದಲ್ಲಿ ಬಿಂದುವಿನ ನಂತರ ಸಾಮಾನ್ಯವಾಗಿ ಎರಡೇ ಅಂಕಿ. ಮಗು ಅದನ್ನು ಎರಡು ಬೇರೆ ಬೇರೆ ಪೂರ್ಣಸಂಖ್ಯೆಗಳೆಂದು ತಿಳಿದರೆ, ಆರಕ್ಕಿಂತ ನಲವತ್ತೈದು ದೊಡ್ಡದಾಗುವುದು ಸಹಜವೇ. ಮೂರೂ ತರಗತಿಗಳಲ್ಲಿ "ನಾಲ್ಕು, ಐದು" ಎಂದು ಬಿಡಿಬಿಡಿಯಾಗಿ ಓದಿಸುವುದೆಂದೂ, ಸಂಖ್ಯಾರೇಖೆಯ ಮೇಲೆ ಗುರುತಿಸಿ 0.6 ಎಂದರೆ 0.60 ಎಂಬುದನ್ನು ತೋರಿಸುವುದೆಂದೂ ಅವರೇ ತೀರ್ಮಾನಿಸಿದರು. ಆ ಪೀರಿಯಡ್‌ನಲ್ಲಿ ನಾನು ಒಂದು ಮಾತನ್ನೂ ಆಡಲಿಲ್ಲ, ಸುಮ್ಮನಿರುವುದು ನನಗೆ ಕಷ್ಟವಾಗಿದ್ದರೂ.

ಒಬ್ಬರ ಪಾಠವನ್ನು ಇನ್ನೊಬ್ಬರು ಕುಳಿತು ನೋಡುವುದು ಇದಕ್ಕಿಂತ ಕಠಿಣವಾದ ಕೆಲಸ. ಜಪಾನಿನ ಶಾಲೆಗಳಲ್ಲಿ ನೂರು ವರ್ಷಗಳಿಗೂ ಹೆಚ್ಚು ಕಾಲದಿಂದ ನಡೆದುಬಂದಿರುವ ಪಾಠ ಅಧ್ಯಯನದ ಕ್ರಮವನ್ನು ನಾವು ಚಿಕ್ಕದಾಗಿಸಿ ತೆಗೆದುಕೊಂಡೆವು: ಪಾಠವನ್ನು ಎಲ್ಲರೂ ಸೇರಿ ಯೋಜಿಸುತ್ತಾರೆ, ಒಬ್ಬರು ಕಲಿಸುತ್ತಾರೆ, ಉಳಿದವರು ಕಲಿಸುವವರನ್ನಲ್ಲ, ಮಕ್ಕಳನ್ನು ಗಮನಿಸುತ್ತಾರೆ. ಯೋಜನೆ ಎಲ್ಲರದಾದ್ದರಿಂದ ಟೀಕೆ ಒಬ್ಬರ ಮೇಲೆ ಬೀಳುವುದಿಲ್ಲ. ಆದರೂ ಮೊದಲು ಯಾರು ಎಂಬ ಪ್ರಶ್ನೆ ಉಳಿಯಿತು. ನಾನೇ ನಿಂತೆ. ಪಾಠ ಮುಗಿದ ಮೇಲೆ, ಸೇವೆಗೆ ಸೇರಿ ಎರಡು ವರ್ಷವೂ ಆಗದ ಶಿಕ್ಷಕಿಯೊಬ್ಬರು ತಮ್ಮ ಟಿಪ್ಪಣಿ ನೋಡಿಕೊಂಡು, "ಸರ್, ನೀವು ಕೇಳಿದ ಹೆಚ್ಚಿನ ಪ್ರಶ್ನೆಗಳಿಗೆ ಮಕ್ಕಳು ಬಾಯಿ ತೆರೆಯುವ ಮೊದಲೇ ನೀವೇ ಉತ್ತರ ಹೇಳಿಬಿಟ್ಟಿರಿ" ಎಂದರು. ಪ್ರಶ್ನೆಯ ನಂತರ 3 ಸೆಕೆಂಡಾದರೂ ಕಾದರೆ ಮಕ್ಕಳ ಉತ್ತರ ದೀರ್ಘವಾಗುತ್ತದೆಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋವ್ 1970ರ ದಶಕದಲ್ಲೇ ತೋರಿಸಿದ್ದನ್ನು ನಾನು ಸಭೆಯೊಂದರಲ್ಲಿ ಎಲ್ಲರಿಗೂ ಉಪದೇಶಿಸಿದ್ದೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಮುಂದಿನ ಪಾಠಕ್ಕೆ ಇಬ್ಬರು ತಾವಾಗಿಯೇ ಹೆಸರು ಕೊಟ್ಟರು.

ಈ ವೀಕ್ಷಣೆಯ ಟಿಪ್ಪಣಿಗಳು ಯಾರ ಕಾರ್ಯಮೌಲ್ಯಮಾಪನಕ್ಕೂ ಸೇರುವುದಿಲ್ಲವೆಂದು ನಾನು ಬರೆದುಕೊಟ್ಟಿದ್ದೇನೆ. ಟಿಪ್ಪಣಿಯ ಹಾಳೆಗಳು ಪಾಠ ಮಾಡಿದವರ ಕೈಯಲ್ಲೇ ಉಳಿಯುತ್ತವೆ. ಹಿರಿಯ ಶಿಕ್ಷಕರೊಬ್ಬರು ಇಂದಿಗೂ ತಮ್ಮ ತರಗತಿಗೆ ಯಾರನ್ನೂ ಕರೆಯುವುದಿಲ್ಲ, ನಾನು ಒತ್ತಾಯಿಸಿಯೂ ಇಲ್ಲ. ಕಳೆದ ತಿಂಗಳ ಜಂಟಿ ಪೀರಿಯಡ್‌ಗೆ ಅವರು ಐದರ ಬದಲು ಒಂಬತ್ತು ಪತ್ರಿಕೆಗಳನ್ನು ತಂದಿದ್ದರು.